ಹೊಸ ಹುಡುಗರನ್ನು ಕಪ್ಪತ್ತಗುಡ್ಡಕ್ಕೆ ಕರೆದೊಯ್ಯುವವರಿಗೆ: ಕಡಿಮೆ ನಡೆಸಿ, ಜಾಸ್ತಿ ನಿಲ್ಲಿಸಿ

ಹೊಸ ಬ್ಯಾಚ್ ಬಂತೆಂದರೆ ಬಿಎಸ್ಸಿ ಇರುವ ಪ್ರತಿ ಕಾಲೇಜಿನಲ್ಲೂ ಮಾತು ಶುರುವಾಗುತ್ತದೆ, ಹುಡುಗರನ್ನ ಒಂದು ಸಲ ಗುಡ್ಡಕ್ಕೆ ಕರ್ಕೊಂಡು ಹೋಗೋಣ ಅಂತ. ಗದಗಿನ ಸುತ್ತಮುತ್ತ ಗುಡ್ಡ ಅಂದರೆ ಕಪ್ಪತ್ತಗುಡ್ಡ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಉದ್ದಕ್ಕೂ ಹಬ್ಬಿದ ಈ ಸಾಲು 2019ರಿಂದ ವನ್ಯಜೀವಿ ಧಾಮ, 244 ಚದರ ಕಿಲೋಮೀಟರ್ ಇದೆ. ಸಾಮಾನ್ಯವಾಗಿ ಅಲ್ಲಿ ಏನಾಗುತ್ತದೆ ಹೇಳಿ? ಬಸ್ ತುಂಬಾ ಹುಡುಗರು, ಇಬ್ಬರು ಮೇಷ್ಟ್ರು, ಬೆಳಿಗ್ಗೆ ಹತ್ತೂವರೆಗೆ ಗುಡ್ಡದ ಬುಡ, ಅಲ್ಲಿಂದ ಕಪ್ಪತ್ತ ಮಲ್ಲಯ್ಯನ ಗುಡಿ ತನಕ ಓಟ, ಗ್ರೂಪ್ ಫೋಟೋ, ಊಟ, ವಾಪಸ್. ಸಂಜೆ ಏನು ನೋಡಿದ್ರಿ ಅಂತ ಕೇಳಿದರೆ 'ಗಾಳಿ ಬಾಳ ಇತ್ರಿ ಸರ್' ಅನ್ನುತ್ತಾರೆ. ತಪ್ಪು ಅವರದ್ದಲ್ಲ.

ಮೊದಲ ವರ್ಷದವರಿಗೆ ಗುಡ್ಡ ಪೂರ್ತಿ ತೋರಿಸಲು ಹೋಗಬೇಡಿ. ಒಂದೂವರೆ ಕಿಲೋಮೀಟರ್ ನಡೆಸಿ. ನಾಲ್ಕು ಕಡೆ ಚೆನ್ನಾಗಿ ನಿಲ್ಲಿಸಿ. ಹೆಸರುಗಳನ್ನು ಕೊನೆಗೆ ಹೇಳಿ. ನಾನು ಹೇಳಬೇಕಾದದ್ದು ಇಷ್ಟೇ, ಉಳಿದದ್ದೆಲ್ಲ ಇದನ್ನು ಮಾಡುವುದು ಹೇಗೆ ಎನ್ನುವ ವಿವರ.

ಯಾವಾಗ ಹೋಗಬೇಕು

ಅಕ್ಟೋಬರ್, ನವೆಂಬರ್ ಒಳ್ಳೆಯದು. ಈ ಕಡೆ ಸೆಪ್ಟೆಂಬರಿನಲ್ಲಿ ಮಳೆ ಜಾಸ್ತಿ, ಅದು ಮುಗಿಯುವ ಹೊತ್ತಿಗೆ ಹುಲ್ಲು ತೆನೆ ಬಿಟ್ಟಿರುತ್ತದೆ, ಹೂವು ಇರುತ್ತವೆ, ಹುಳು ಹುಪ್ಪಡಿ ಇನ್ನೂ ಇರುತ್ತವೆ. ಸಂಕ್ರಾಂತಿ ದಾಟಿದ ಮೇಲೆ ಹುಲ್ಲೆಲ್ಲ ಒಣಗಿ ಕಾಡ್ಗಿಚ್ಚಿನ ಕಾಲ ಶುರುವಾಗುತ್ತದೆ, ಅರಣ್ಯ ಇಲಾಖೆಯವರಿಗೂ ಆಗ ನಿಮ್ಮ ಹುಡುಗರನ್ನು ನೋಡಿಕೊಳ್ಳುವ ಪುರಸೊತ್ತು ಇರುವುದಿಲ್ಲ. ಶ್ರಾವಣದ ಸೋಮವಾರ ಬೇಡವೇ ಬೇಡ, ಗುಡಿಗೆ ಬರುವ ಜನರ ನಡುವೆ ಪಾಠ ನಡೆಯುವುದಿಲ್ಲ.

ನಿಮ್ಮ ಕಾಲೇಜಿನ ಪರೀಕ್ಷೆ ಮುಗಿದು ಡಿಸೆಂಬರ್ ಬಂದೇಬಿಟ್ಟಿತು ಅಂತಿದ್ದರೆ ಗುಡ್ಡ ಬಿಟ್ಟು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲ, ಕೆರೆಗಳ ಪಟ್ಟಿಗೆ ಸೇರಿದ ಕೆರೆ ಅದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ನೀರಿಗೆ ಮರಳಿ ವಿಶ್ರಾಂತಿ ಪಡೆಯುತ್ತವೆ, ಹಾಗಾಗಿ ನಸುಕಿನಲ್ಲೇ ಓಡಬೇಕಾದ ಗಡಿಬಿಡಿ ಇಲ್ಲ. ಆದರೆ ಅಲ್ಲಿ ಕೂತು ದೂರದಿಂದ ನೋಡಬೇಕು, ಐವತ್ತು ಹುಡುಗರಿಗೆ ಎರಡು ಬೈನಾಕ್ಯುಲರ್ ಇದ್ದರೆ ಅರ್ಧ ಗಂಟೆಯಲ್ಲಿ ಮೊಬೈಲ್ ಹೊರಗೆ ಬರುತ್ತವೆ. ಹೊಸಬರಿಗೆ ಮುಟ್ಟುವಷ್ಟು ಹತ್ತಿರ ಏನಾದರೂ ಬೇಕು. ಅದಕ್ಕೇ ನಾನು ಗುಡ್ಡದ ಪರ.

ಕಾಗದ ಪತ್ರ, ಬಸ್ಸು, ಶೌಚಾಲಯ

ಇದು ಧಾಮ, ಊರ ಗೋಮಾಳ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲ್ಲಿಗೆ ಪೂರ್ತಿ ಅನ್ವಯಿಸುತ್ತದೆ. ಗದಗಿನ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಗೆ ಪ್ರಿನ್ಸಿಪಾಲರ ಸಹಿ ಇರುವ ಪತ್ರ ಕೊಡಿ. ಅದರಲ್ಲಿ ಎಷ್ಟು ಜನ, ಯಾವ ದಿನ, ಯಾವ ದಾರಿ, ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಲ್ಲ ಬರೆಯಿರಿ. 'ಗಿಡ ಕೀಳುವುದಿಲ್ಲ, ಡ್ರೋನ್ ಹಾರಿಸುವುದಿಲ್ಲ, ಮಧ್ಯಾಹ್ನದ ಒಳಗೆ ಹೊರಗೆ ಬರುತ್ತೇವೆ' ಎಂಬ ಒಂದು ಸಾಲು ಪತ್ರದಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಒಬ್ಬ ಗಾರ್ಡ್ ಅಥವಾ ವಾಚರ್ ಜೊತೆಗೆ ಬರಲಿ ಅಂತ ಅದೇ ಪತ್ರದಲ್ಲಿ ಕೇಳಿ. ಪುಸ್ತಕದಲ್ಲಿ ಇಲ್ಲದ್ದು ಅವರಿಗೆ ಗೊತ್ತಿರುತ್ತದೆ.

ಇಡೀ ಬಸ್ ಬಾಡಿಗೆಗೆ ಹಿಡಿಯಲು ದುಡ್ಡಿಲ್ಲದ ಕಾಲೇಜಿನವರು ಸಣ್ಣ ಗುಂಪು ಮಾಡಿಕೊಂಡು ಗದಗಿನಿಂದ ಡಂಬಳ, ಡೋಣಿ ಕಡೆಯ ಸಾಮಾನ್ಯ ಬಸ್ ಹತ್ತಬಹುದು. ಹುಡುಗಿಯರಿಗೆ ಶಕ್ತಿ ಯೋಜನೆ ಇದೆ, ಹುಡುಗರಷ್ಟೇ ಟಿಕೆಟ್ ತೆಗೆಸಬೇಕು. ಇದರಲ್ಲಿ ಅವರು ಮುಖ ಸಣ್ಣದು ಮಾಡುವುದೂ ಒಂದು ತಮಾಷೆ.

ಶೌಚಾಲಯದ ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಗುಡ್ಡದ ದಾರಿಯಲ್ಲಿ ಶೌಚಾಲಯ ಸಿಗುತ್ತದೆ ಅಂತ ನಂಬಿ ಹೊರಡಬೇಡಿ. ಇದಕ್ಕೆ ಹೆದರಿಯೇ ಎಷ್ಟೋ ಹುಡುಗಿಯರು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ, ಹನ್ನೊಂದಕ್ಕೆ ತಲೆ ಸುತ್ತಿ ಕೂರುತ್ತಾರೆ, ನಾವು ಬಿಸಿಲಿಗೆ ಅಂದುಕೊಳ್ಳುತ್ತೇವೆ. ಹತ್ತುವ ಮುಂಚೆ ಊರಲ್ಲಿ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದನ್ನು ಹಿಂದಿನ ದಿನವೇ ನೋಡಿ, ಎಲ್ಲರಿಗೂ ಮೊದಲೇ ಹೇಳಿ. ಒಬ್ಬ ಮೇಡಂ ಇಲ್ಲದೆ ಹೊರಡಬೇಡಿ. ಅವರ ಚೀಲದಲ್ಲಿ ಸ್ಯಾನಿಟರಿ ಪ್ಯಾಡ್, ಹಳೇ ಪೇಪರ್, ಸೋಪು ಇರಲಿ. ಇಷ್ಟು ಮಾಡಿದರೆ ಅರ್ಧ ತಂಡದ ಮನಸ್ಸು ಹಗುರಾಗುತ್ತದೆ.

ಬುತ್ತಿ ಮನೆಯದ್ದೇ ಇರಲಿ. ರೊಟ್ಟಿ, ಶೇಂಗಾ ಚಟ್ನಿ, ಯಾವುದಾದರೂ ಒಣ ಪಲ್ಯ. ಚಿಪ್ಸ್ ಪೊಟ್ಟಣ ಒಂದೂ ಬೇಡ, ಕಸದ ಸಲುವಾಗಿ ಅಷ್ಟೇ ಅಲ್ಲ, ಪೊಟ್ಟಣದ ಸದ್ದು ಕೇಳಿದರೆ ಮಂಗಗಳು ಬರುತ್ತವೆ, ಆಮೇಲೆ ನಿಮ್ಮ ಪಾಠ ಮಂಗಗಳದ್ದೇ. ನೀರು ತಲೆಗೆ ಎರಡು ಲೀಟರ್. ಬೂಟು ಇದ್ದವರು ಹಾಕಿಕೊಳ್ಳಲಿ, ಆದರೆ ಚಪ್ಪಲಿಯಲ್ಲಿ ಬಂದವರನ್ನು ಎಲ್ಲರ ಎದುರು ಬೈಯಬೇಡಿ. ಬೂಟು ಕೊಳ್ಳಲಾಗದ ಮನೆಗಳೂ ಇವೆ. ಚಪ್ಪಲಿಯಲ್ಲೂ ನಡೆಯಬಹುದಾದ ದಾರಿ ಆರಿಸುವುದು ನಿಮ್ಮ ಕೆಲಸ.

ಹಿಂದಿನ ವಾರ ನೀವೊಬ್ಬರೇ ಹೋಗಿ ಬನ್ನಿ

ಕಳೆದ ವರ್ಷದ ನೆನಪಿನ ಮೇಲೆ ಹೋಗಬೇಡಿ. ಮಳೆಗೆ ದಾರಿ ಕೊಚ್ಚಿರಬಹುದು, ಬಂಡೆಗೆ ಹೆಜ್ಜೇನು ಕಟ್ಟಿರಬಹುದು. ಹೋದಾಗ ನಿಲ್ಲುವ ನಾಲ್ಕು ಜಾಗ ಗುರುತು ಮಾಡಿ. ಒಳ್ಳೆಯ ಜಾಗ ಅಂದರೆ ನೋಟ ಚೆನ್ನಾಗಿರುವ ಜಾಗ ಅಲ್ಲ. ಹದಿನೈದು ಜನ ನಿಲ್ಲುವಷ್ಟು ಬಯಲು, ಸ್ವಲ್ಪ ನೆರಳು, ಕಾಲ ಬುಡದಲ್ಲಿ ನೋಡಲು ಏನಾದರೂ, ಇಷ್ಟಿದ್ದರೆ ಸಾಕು. ಮೊದಲ ಜಾಗ ಬಸ್ಸಿನಿಂದ ಹತ್ತು ನಿಮಿಷದೊಳಗೆ ಇರಲಿ. ಬಸ್ ಇಳಿದ ಹುಡುಗರು ಹುರುಪಿನಲ್ಲಿ ಇರುತ್ತಾರೆ, ಆಗಲೇ ನಿಲ್ಲಿಸಿದರೆ ಇವತ್ತಿನ ವೇಗ ಇದು ಅಂತ ಅವರಿಗೆ ತಿಳಿಯುತ್ತದೆ. ಅರ್ಧ ಗಂಟೆ ಓಡಲು ಬಿಟ್ಟು ಆಮೇಲೆ ನಿಧಾನ ಮಾಡಿ ಅಂದರೆ ಆಗುವುದಿಲ್ಲ.

ಒಬ್ಬ ಮೇಷ್ಟ್ರಿಗೆ ಹದಿನೈದು ಜನ, ಅದಕ್ಕಿಂತ ಜಾಸ್ತಿ ಬೇಡ. ನಲವತ್ತೈದು ಜನ ಇದ್ದರೆ ಮೂರು ಗುಂಪು, ಇಪ್ಪತ್ತು ನಿಮಿಷ ಅಂತರ. ಮುಂದೆ ನೀವು, ಹಿಂದೆ ಒಬ್ಬ ಗಟ್ಟಿ ಹುಡುಗ ಅಥವಾ ಹುಡುಗಿ. ಅವರ ಹಿಂದೆ ಯಾರೂ ಇರಬಾರದು. ಹೊಸ ತಂಡ ಆದ್ದರಿಂದ ನಿಮಗೂ ಹೆಸರು ಗೊತ್ತಿಲ್ಲ, ಅವರಿಗೂ ಒಬ್ಬರ ಪರಿಚಯ ಒಬ್ಬರಿಗಿಲ್ಲ. ಜೋಡಿ ಮಾಡಿ. ಜೋಡಿ ಮಾಡುವಾಗ ಒಂದು ಉಪಾಯ: ರೋಣ, ನರಗುಂದ, ಮುಂಡರಗಿಯ ಹಳ್ಳಿಗಳಿಂದ ಬಂದವರನ್ನು ಹುಬ್ಬಳ್ಳಿ ಪೇಟೆಯವರ ಜೊತೆ ಹಾಕಿ. ಕ್ಲಾಸಿನಲ್ಲಿ ಇಂಗ್ಲಿಷ್ ಬರುವುದಿಲ್ಲ ಅಂತ ಕೊನೆ ಬೆಂಚಿನಲ್ಲಿ ಸುಮ್ನೆ ಕೂತ ಹುಡುಗನಿಗೆ ಕವಳಿ, ಬಾರಿ, ಪರಗಿ, ತಂಗಡಿ, ಮುತ್ತಲ ಎಲ್ಲ ಗೊತ್ತಿರುತ್ತದೆ, ಯಾವ ಗಿಡ ಕುರಿ ತಿನ್ನುವುದಿಲ್ಲ ಅನ್ನುವುದೂ ಗೊತ್ತಿರುತ್ತದೆ. ಗುಡ್ಡದ ಮೇಲೆ ಅವನು ಮೇಷ್ಟ್ರು. ಮೊದಲ ವಾರದಲ್ಲೇ ಇದು ಆಗಿಬಿಟ್ಟರೆ ಮುಂದಿನ ಮೂರು ವರ್ಷ ಆ ಹುಡುಗ ಕ್ಲಾಸಿನಲ್ಲಿ ಬಾಯಿ ಬಿಡುತ್ತಾನೆ. ಪ್ರವಾಸದ ದೊಡ್ಡ ಲಾಭ ಇದೇ ಅಂತ ನನಗೆ ಅನ್ನಿಸುತ್ತದೆ, ಸಸ್ಯಶಾಸ್ತ್ರ ಆಮೇಲಿನದು.

ನಡೆಯುವಾಗ

ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ಲಿ. ಕಪ್ಪತ್ತಗುಡ್ಡದ ಗಾಳಿಗೆ ನಿಮ್ಮ ಮಾತು ಹಾರಿಹೋಗುತ್ತದೆ. ಆದ್ದರಿಂದ ಮಾತಾಡುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆ ನೀವು ನಿಲ್ಲಿ, ನಿಮ್ಮ ದನಿ ಗಾಳಿಯ ಜೊತೆ ಅವರ ಕಡೆ ಹೋಗಲಿ. ಬಿಸಿಲು ನಿಮ್ಮ ಮುಖಕ್ಕೆ ಬೀಳಲಿ, ಅವರ ಬೆನ್ನಿಗೆ ಬೀಳಲಿ. ಕಣ್ಣು ಕಿರಿದು ಮಾಡಿಕೊಂಡು ನಿಂತವರಿಗೆ ಏನೂ ಕಾಣುವುದಿಲ್ಲ.

ಕೊನೆಯವರು ಬರುವ ತನಕ ಬಾಯಿ ಬಿಡಬೇಡಿ. ಮತ್ತೆ, ಕೊನೆಯವರು ಬಂದ ತಕ್ಷಣ ಹೊರಡಲೂಬೇಡಿ. ಮುಂದಿನವರು ಐದು ನಿಮಿಷ ಕೂತು ದಣಿವಾರಿಸಿಕೊಂಡು, ಹಿಂದಿನವರು ಮುಟ್ಟಿದ ಕೂಡಲೇ 'ನಡೀರಿ' ಅಂದರೆ, ಯಾರಿಗೆ ದಣಿವು ಜಾಸ್ತಿಯೋ ಅವರಿಗೇ ವಿಶ್ರಾಂತಿ ಇಲ್ಲ. ಪ್ರತಿ ಪ್ರವಾಸದಲ್ಲೂ ಇದೇ ಆಗುತ್ತದೆ, ಯಾರೂ ಗಮನಿಸುವುದಿಲ್ಲ.

ಮೊಬೈಲ್ ಪೂರ್ತಿ ನಿಷೇಧ ಮಾಡಬೇಡಿ, ನಡೆಯುವುದಿಲ್ಲ. ಮೊದಲ ಒಂದು ಗಂಟೆ ಚೀಲದಲ್ಲಿ ಇರಲಿ, ಆಮೇಲೆ ಕೆಲಸಕ್ಕೆ ತೆಗೆಯಲಿ. ಕಂಡ ಗಿಡ, ಪ್ರಾಣಿಯ ಫೋಟೋ ಹಾಕಿ ಗುರುತಿಸುವ ಐನ್ಯಾಚುರಲಿಸ್ಟ್ ಆ್ಯಪ್ ಒಳ್ಳೆಯದು. ಆದರೆ ಅಪರೂಪದ ಔಷಧಿ ಗಿಡ ಸಿಕ್ಕರೆ ಜಾಗ ಕಾಣದಂತೆ ಸೆಟ್ಟಿಂಗ್ ಮಾಡಲು ಕಲಿಸಿ. ಗುಡ್ಡದ ಬೇರು ಬಳ್ಳಿಗಳಿಗೆ ಗಿರಾಕಿಗಳು ಇದ್ದಾರೆ, ಅವರಿಗೆ ನಾವೇ ನಕ್ಷೆ ಬರೆದುಕೊಟ್ಟಂತೆ ಆಗಬಾರದು. ಹಕ್ಕಿಯ ದನಿಯನ್ನು ಫೋನಿನಲ್ಲಿ ಹಾಕಿ ಹಕ್ಕಿಯನ್ನು ಕರೆಯುವ ಚಟ ಮೊದಲ ದಿನವೇ ಬಿಡಿಸಿ.

ನಾಲ್ಕು ಕಡೆ ಏನು ಮಾಡುವುದು

ಮೊದಲ ಜಾಗದಲ್ಲಿ ಕಲ್ಲು. ಹುಡುಗರು ಗಿಡ, ಪ್ರಾಣಿ ಅಂತ ಬಂದಿರುತ್ತಾರೆ, ಕಲ್ಲು ನೋಡಿ ಅಂದರೆ ಆಶ್ಚರ್ಯ ಪಡುತ್ತಾರೆ. ಹಳೇ ಸ್ಪೀಕರಿನಿಂದ ತೆಗೆದ ಒಂದು ಆಯಸ್ಕಾಂತಕ್ಕೆ ಕಾಗದ ಸುತ್ತಿ ಕೆಂಪು ಮಣ್ಣಿನ ಮೇಲೆ ಎಳೆಯಲು ಹೇಳಿ. ಕರಿ ಕಣಗಳು ಅಂಟುತ್ತವೆ. ಅದು ಕಬ್ಬಿಣದ ಅದಿರು. ಪಟ್ಟೆ ಪಟ್ಟೆಯಾದ ಕಬ್ಬಿಣದ ಕಲ್ಲು ಪಕ್ಕದಲ್ಲೇ ಇರುತ್ತದೆ. ಈ ಶಿಲೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ, ಜಗತ್ತಿನ ಭೂವಿಜ್ಞಾನಿಗಳು ಇವನ್ನು ಧಾರವಾಡ ಶಿಲೆ ಅಂತಲೇ ಕರೆಯುತ್ತಾರೆ, ಆ ಹೆಸರು ಇಟ್ಟವನು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಧಾರವಾಡದ ಹುಡುಗರಿಗೆ ಇದನ್ನು ಹೇಳಿ ಅವರ ಮುಖ ನೋಡಿ. ಅಲ್ಲಿಂದ ಕೆಳಗೆ ಕೈ ತೋರಿಸಿ, ಕಪ್ಪು ಮಣ್ಣಿನ ಎರಿ ಹೊಲ ಎಲ್ಲಿ, ಕೆಂಪು ಮಣ್ಣಿನ ಮಸಾರಿ ಹೊಲ ಎಲ್ಲಿ ಅಂತ ಅವರೇ ಗುರುತಿಸಲಿ. ಎರಿ ಎಲ್ಲಿ ಮುಗಿಯುತ್ತದೆ ಅನ್ನುವುದು ಮೇಲಿನಿಂದ ಬಣ್ಣದಲ್ಲೇ ತಿಳಿಯುತ್ತದೆ. ಕಲ್ಲು ಜೇಬಿಗೆ ಹಾಕಿಕೊಂಡವರಿಂದ ವಾಪಸ್ ಇಡಿಸಿ.

ಎರಡನೆಯದು ಹುಲ್ಲು. ಈ ಕಾಲದಲ್ಲಿ ಎಲ್ಲರ ಪ್ಯಾಂಟಿಗೂ ಹುಲ್ಲಿನ ಚೂಪು ಬೀಜ ಚುಚ್ಚಿಕೊಂಡಿರುತ್ತವೆ, ಎಲ್ಲರೂ ಬೈಯುತ್ತಿರುತ್ತಾರೆ. ಕೂಡಿಸಿ. ಬಾಲ ಇರುವ ಬೀಜ ಒಂದನ್ನು ಅಂಗೈ ಮೇಲೆ ಇಟ್ಟು ಬಾಟಲಿಯಿಂದ ಒಂದು ಹನಿ ನೀರು ಬಿಡಲು ಹೇಳಿ, ಸುಮ್ನೆ ಕಾಯಿರಿ. ಸ್ವಲ್ಪ ಹೊತ್ತಿಗೆ ಬಾಲ ತಾನಾಗಿ ತಿರುಗಲು ಶುರು ಮಾಡುತ್ತದೆ. ಒಣಗಿದಾಗ ಹುರಿಗೊಳ್ಳುತ್ತದೆ, ನೆನೆದಾಗ ಬಿಚ್ಚಿಕೊಳ್ಳುತ್ತದೆ, ಹೀಗೆ ತಿರುಗಿ ತಿರುಗಿ ಬೀಜವನ್ನು ಮಣ್ಣಿನೊಳಗೆ ಕೊರೆದು ಇಳಿಸುತ್ತದೆ. ಆಮೇಲೆ ಕೇಳಿ: ಇದಕ್ಕೆ ನಿನ್ನ ಪ್ಯಾಂಟು ಯಾಕೆ ಬೇಕಾಯಿತು? ಕುರಿ ಉಣ್ಣೆಗೂ ಇದು ಅಂಟುತ್ತದಾ? ಕುರಿಯ ಚರ್ಮಕ್ಕೆ ಏನು ಮಾಡುತ್ತದೆ? ಕುರಿ ಇರುವ ಮನೆಯ ಹುಡುಗರು ಇದ್ದೇ ಇರುತ್ತಾರೆ, ಅವರು ಉತ್ತರ ಹೇಳುತ್ತಾರೆ, ನೀವು ಕೇಳಿಸಿಕೊಳ್ಳಿ. ಬೀಜಗಳನ್ನು ಅಲ್ಲೇ ಉದುರಿಸಿ ಏಳಿ. ಒಂದು ಪೈಸೆ ಖರ್ಚಿಲ್ಲದ ಈ ಪ್ರಯೋಗ ಇಡೀ ದಿನದಲ್ಲಿ ಎಲ್ಲರಿಗೂ ನೆನಪಿರುವಂಥದ್ದು.

ಮೂರನೆಯದು ಹಿಕ್ಕೆ, ಲದ್ದಿ, ಹೆಜ್ಜೆ. ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ, ಇವತ್ತು ತೋಳ, ಚಿರತೆ, ಕತ್ತೆಕಿರುಬ ಕಾಣುವುದಿಲ್ಲ. ಅವು ಈ ಗುಡ್ಡದಲ್ಲಿವೆ, ಆದರೆ ಹಗಲಲ್ಲಿ ಹದಿನೈದು ಜನರ ಎದುರು ಬಂದು ನಿಲ್ಲುವುದಿಲ್ಲ. ಟಿವಿಯಲ್ಲಿ ಆಫ್ರಿಕಾ ನೋಡಿ ಬೆಳೆದವರಿಗೆ ಈ ಮಾತು ಮೊದಲೇ ಹೇಳದಿದ್ದರೆ ದಿನವಿಡೀ 'ಏನೂ ಕಾಣ್ಲಿಲ್ಲ' ಅನ್ನುತ್ತಾರೆ. ಬದಲಿಗೆ ದಾರಿಯ ನಡುವೆ ಬಿದ್ದದ್ದನ್ನು ಓದಿಸಿ. ಕಡ್ಡಿಯಿಂದ ಮಾತ್ರ, ಕೈಯಿಂದ ಬೇಡ, ಅದರಲ್ಲಿ ಹುಳುಗಳ ಮೊಟ್ಟೆ ಇರುತ್ತವೆ. ಒಣಗಿ ಬೆಳ್ಳಗಾದದ್ದು ಕಂಡರೆ ಕತ್ತೆಕಿರುಬದ್ದು ಇರಬಹುದು, ಎಲುಬು ತಿನ್ನುವ ಪ್ರಾಣಿ, ಎಲುಬಿನ ಸುಣ್ಣ ಹಾಗೇ ಹೊರಗೆ ಬರುತ್ತದೆ. ಬಾರಿ ಹಣ್ಣಿನ ಬೀಜ ತುಂಬಿದ್ದರೆ ನರಿ ಇರಬಹುದು. ಬರೀ ಕೂದಲು ಇದ್ದರೆ ಯಾವುದರ ಕೂದಲು ಅಂತ ವಾದ ಮಾಡಲಿ. ಇಲ್ಲಿ 'ಇರಬಹುದು' ಅನ್ನುವುದನ್ನು ನೀವೂ ಬಿಡಬೇಡಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಹೇಳುವ ಮೇಷ್ಟ್ರನ್ನು ಹೊಸ ಹುಡುಗರು ಬೇಗ ಕಂಡುಹಿಡಿಯುತ್ತಾರೆ.

ನಾಲ್ಕನೆಯದಕ್ಕೆ ಹಗ್ಗದ ಒಂದು ಉಂಗುರ ಸಾಕು. ಪ್ರತಿ ಜೋಡಿಗೂ ಎರಡು ಗಜ ದಾರ ಕೊಟ್ಟು, ನೆಲದ ಮೇಲೆ ಸುತ್ತಾಗಿ ಇಟ್ಟು, ಅದರ ಒಳಗೆ ಇರುವುದನ್ನೆಲ್ಲ ಹದಿನೈದು ನಿಮಿಷ ಬರೆಯಲು ಹೇಳಿ. ಇರುವೆ ಏನು ಹೊರುತ್ತಿದೆ, ಯಾವ ಎಲೆ ಯಾರು ತಿಂದಿದ್ದಾರೆ, ಎಷ್ಟು ಥರ ಹುಲ್ಲು. ಮೊದಲ ಮೂರು ನಿಮಿಷ 'ಏನೂ ಇಲ್ರಿ' ಅನ್ನುತ್ತಾರೆ. ನೀವು ಉತ್ತರ ಕೊಡಬೇಡಿ, ದೂರ ಹೋಗಿ ಕೂತುಬಿಡಿ.

ಹೆಸರು ಕೇಳಿದಾಗ

'ಸರ್, ಇದೇನ್ರಿ?' ಅಂದ ತಕ್ಷಣ ಹೆಸರು ಹೇಳಿದರೆ ಆ ಹುಡುಗ ಬರೆದುಕೊಂಡು ಮುಂದೆ ಹೋಗುತ್ತಾನೆ, ಗಿಡ ನೋಡುವುದು ಅಲ್ಲಿಗೆ ಮುಗಿಯಿತು. ಬದಲಿಗೆ 'ನಿನಗೆ ಕಂಡ ಮೂರು ಗುಣ ಹೇಳು' ಅನ್ನಿ. ಎಲೆ ಎದುರು ಬದುರಾ, ಒಂದು ಬಿಟ್ಟು ಒಂದಾ? ಮುರಿದರೆ ಹಾಲು ಬರುವ ಜಾತಿಯಾ? ಮೂಗು ಹತ್ತಿರ ತಂದರೆ ವಾಸನೆ ಇದೆಯಾ? ಆಮೇಲೆ ಊರಲ್ಲಿ ಏನಂತಾರೆ ಅಂತ ಉಳಿದವರನ್ನು ಕೇಳಿ. ವೈಜ್ಞಾನಿಕ ಹೆಸರು ಕೊನೆಗೆ, ಬಸ್ಸಿನಲ್ಲಿ ಹೇಳಿದರೂ ನಡೆಯುತ್ತದೆ. ದಿನಕ್ಕೆ ಹತ್ತು ಹೆಸರು ಸಾಕು. ಐವತ್ತು ಹೆಸರು ಹೇಳಿ ಬಂದ ಮೇಷ್ಟ್ರಿಗೆ ತೃಪ್ತಿ ಆಗುತ್ತದೆ, ಹುಡುಗರಿಗೆ ತಲೆನೋವು.

ಇನ್ನು ಹರ್ಬೇರಿಯಂ. ಸಸ್ಯಶಾಸ್ತ್ರದವರಿಗೆ ಗಿಡ ಕಂಡರೆ ಬೇರು ಸಮೇತ ಕಿತ್ತು ಪೇಪರಿನಲ್ಲಿ ಒತ್ತುವ ಹಳೇ ರೂಢಿ ಇದೆ. ಧಾಮದೊಳಗೆ ಅನುಮತಿ ಇಲ್ಲದೆ ಒಂದು ಎಲೆಯನ್ನೂ ತರುವಂತಿಲ್ಲ. ಚಿತ್ರ ಬರೆಯಿಸಿ, ಫೋಟೋ ತೆಗೆಸಿ. ಒತ್ತಲು ಮಾದರಿ ಬೇಕೇ ಬೇಕು ಅಂದರೆ ಕಾಲೇಜು ಕಂಪೌಂಡಿನಲ್ಲಿ ಲಂಟಾನ, ಕಾಂಗ್ರೆಸ್ ಕಸ ಬೇಕಾದಷ್ಟಿವೆ, ಎಷ್ಟು ಕಿತ್ತರೂ ಪುಣ್ಯವೇ. ಮಧುನಾಶಿನಿಯ ಆಟವೂ ಅಷ್ಟೇ. ಎಲೆ ಅಗಿದು ಆಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸಿಹಿ ಗೊತ್ತಾಗದೆ ಮರಳು ತಿಂದಂತೆ ಆಗುತ್ತದೆ, ಹುಡುಗರಿಗೆ ಬಹಳ ಇಷ್ಟ, ಆದರೆ ಅದನ್ನು ಕಾಲೇಜಿನ ಕುಂಡದಲ್ಲಿ ಬೆಳೆಸಿದ ಬಳ್ಳಿಯಿಂದ ಮಾಡಿ. ಗುಡ್ಡದಲ್ಲಿ ಗುರುತಿಲ್ಲದ ಎಲೆ ಬಾಯಿಗೆ ಹಾಕುವ ಅಭ್ಯಾಸ ನಾವೇ ಕಲಿಸಬಾರದು.

ಅಪಾಯಗಳು

ಹುಡುಗರು ಹೆದರುವುದು ಚಿರತೆಗೆ, ನೀವು ಹೆದರಬೇಕಾದದ್ದು ಹೆಜ್ಜೇನು, ಹಾವು, ಬಿಸಿಲಿಗೆ. ಸೆಂಟು ಹಾಕಿಕೊಂಡು ಬರಬೇಡಿ ಅಂತ ಮೊದಲೇ ಹೇಳಿ. ಜೇನು ಇರುವ ಬಂಡೆಯ ಹತ್ತಿರ ಕೂಗಾಟ ಬೇಡ, ಹೊಗೆಯಂತೂ ಬೇಡವೇ ಬೇಡ. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಬಂದ ದಾರಿಯಲ್ಲೇ ಬೇಗ ದೂರ ಓಡಬೇಕು.

ಗವಿಗಳ ಒಳಗೆ ಯಾರನ್ನೂ ಬಿಡಬೇಡಿ. ಕಾಣದ ಕಡೆ ಕೈ ಇಡಬಾರದು, ಕಾಣದ ಕಡೆ ಕಾಲೂ ಇಡಬಾರದು, ಕಲ್ಲು ಎತ್ತಿ ನೋಡುವ ಆಟ ಬೇಡ. ಈ ಒಣ ಕಲ್ಲುನೆಲ ಗರಗಸ ಮಂಡಲದ ಹಾವಿಗೆ ಹೇಳಿ ಮಾಡಿಸಿದ ಜಾಗ. ಸಣ್ಣದು, ಮಣ್ಣಿನ ಬಣ್ಣದ್ದು, ಕಾಣುವುದೇ ಇಲ್ಲ. ಕಚ್ಚಿದರೆ ಕಟ್ಟು ಕಟ್ಟಬಾರದು, ಕೊಯ್ಯಬಾರದು, ಹೀರಬಾರದು. ಉಂಗುರ, ವಾಚು, ಬಳೆ ತೆಗೆಸಿ. ಕಚ್ಚಿದ ಕೈ ಕಾಲು ಅಲುಗಾಡದಂತೆ ಕೋಲು ಇಟ್ಟು ಬಟ್ಟೆ ಸುತ್ತಿ, ನಡೆಸದೆ ಎತ್ತಿಕೊಂಡು ಕೆಳಗೆ ತನ್ನಿ, 108ಕ್ಕೆ ಫೋನ್ ಮಾಡಿ. ಹಿಂದಿನ ದಿನವೇ ಹತ್ತಿರದ ಆಸ್ಪತ್ರೆಗೆ ಕರೆ ಮಾಡಿ ಹಾವಿನ ವಿಷಕ್ಕೆ ಮದ್ದು ಸ್ಟಾಕ್ ಇದೆಯಾ ಅಂತ ಕೇಳಿಟ್ಟುಕೊಳ್ಳಿ. ಗುಡ್ಡದಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ನೀವೊಬ್ಬರೇ ಹೋದ ದಿನ ನೋಡಿಕೊಂಡಿರಬೇಕು.

ಹನ್ನೊಂದೂವರೆಗೆ ಕೆಳಗೆ ಇಳಿದಿರಬೇಕು. ಏಳೂವರೆಗೆ ಮೇಲೆ ಇದ್ದರೆ ಮಾತ್ರ ಇದು ಆಗುತ್ತದೆ, ಅಂದರೆ ಹುಬ್ಬಳ್ಳಿಯವರು ಐದೂವರೆಗೆ ಬಿಡಬೇಕು. ಗೊಣಗುತ್ತಾರೆ, ಗೊಣಗಲಿ.

ಇಳಿದ ಮೇಲೆ

ಊಟಕ್ಕೆ ಡಂಬಳದಲ್ಲಿ ನಿಲ್ಲಿಸಿ. ಕೆರೆ ಇದೆ, ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರದ ತಳಪಾಯದ ದೊಡ್ಡಬಸಪ್ಪ ಗುಡಿ ಇದೆ. ಹೊಟ್ಟೆ ತುಂಬಿದ ಮೇಲೆ, ನೆರಳಲ್ಲಿ ಕೂತಾಗ, ಈ ಗುಡ್ಡ ಹೇಗೆ ಉಳಿಯಿತು ಅನ್ನುವುದನ್ನು ಹೇಳಿ. ಬೆಳಿಗ್ಗೆ ಹೇಳಿದರೆ ಭಾಷಣ ಅನ್ನಿಸುತ್ತದೆ, ಆಯಸ್ಕಾಂತಕ್ಕೆ ಅಂಟಿದ ಕರಿ ಕಣ ನೋಡಿ ಬಂದ ಮೇಲೆ ಹೇಳಿದರೆ ಅವರೇ ಪ್ರಶ್ನೆ ಕೇಳುತ್ತಾರೆ. ಕಬ್ಬಿಣ ಇದೆ, ಚಿನ್ನ ಇದೆ, ಅದಕ್ಕೇ ಗಣಿ ಕಂಪನಿಗಳ ಕಣ್ಣು ಇದರ ಮೇಲಿತ್ತು. 2015ರಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಗಿ, ಮರುವರ್ಷ ಅದು ರದ್ದಾಗಿ, 2017ರಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದಾಳತ್ವದಲ್ಲಿ ಗದಗಿನಲ್ಲಿ ಜನ ಧರಣಿ ಕೂತ ಮೇಲೆ ಮತ್ತೆ ಆ ಸ್ಥಾನ ಬಂತು. ಎರಡು ವರ್ಷದ ನಂತರ ಧಾಮ ಆಯಿತು. ಕೆಲವು ಹುಡುಗರ ಅಪ್ಪ ಅಮ್ಮ ಆ ಧರಣಿಯಲ್ಲಿ ಕೂತಿರುತ್ತಾರೆ, ಮನೆಗೆ ಹೋಗಿ ಕೇಳಲಿ. ಗಣಿ ಬಂದಿದ್ದರೆ ಕೆಲಸ ಸಿಗುತ್ತಿತ್ತಲ್ವಾ ಸರ್ ಅಂತ ಒಬ್ಬರಾದರೂ ಕೇಳುತ್ತಾರೆ. ಬಾಯಿ ಮುಚ್ಚಿಸಬೇಡಿ. ಅದು ನ್ಯಾಯವಾದ ಪ್ರಶ್ನೆ, ಬಸ್ಸಿನಲ್ಲಿ ಗದಗ ಮುಟ್ಟುವ ತನಕ ಜಗಳ ಆಡಲಿ.

ವರದಿ ಹತ್ತು ಪುಟ ಬರೆಸಿದರೆ ಒಬ್ಬನದ್ದನ್ನು ಉಳಿದವರು ಕಾಪಿ ಹೊಡೆಯುತ್ತಾರೆ. ಒಂದೇ ಪುಟ ಸಾಕು. ಅವರ ದಾರದ ಉಂಗುರದ ಚಿತ್ರ, ಅದರಲ್ಲಿ ಕಂಡದ್ದು, ಉತ್ತರ ಸಿಗದ ಒಂದು ಪ್ರಶ್ನೆ. ಪ್ರತಿ ಜೋಡಿಯ ಉಂಗುರ ಬೇರೆ, ಆದ್ದರಿಂದ ಕಾಪಿ ಮಾಡಲು ಬರುವುದಿಲ್ಲ. ಎಲ್ಲ ಸೇರಿಸಿ ಕಂಡ ಗಿಡ, ಹಕ್ಕಿ, ಹುಳುಗಳ ಪಟ್ಟಿ ಮಾಡಿ, ಒಂದು ಪ್ರತಿಯನ್ನು ಅರಣ್ಯ ಇಲಾಖೆಗೆ ಕಳಿಸಿ, ಜೊತೆಗೆ ಬಂದ ಗಾರ್ಡ್‌ಗೆ ಧನ್ಯವಾದ ಹೇಳಿ ಒಂದು ಪತ್ರವನ್ನೂ ಅದರ ಜೊತೆ ಇಡಿ. ಮುಂದಿನ ವರ್ಷ ಅನುಮತಿ ಕೇಳಲು ಹೋದಾಗ ಆ ಫೈಲ್ ಅಲ್ಲೇ ಇರುತ್ತದೆ.